ಹತ್ತಿ ಇಳಿಸದ ಮುನ್ನೀ ಬೀ

ನಸುಕಿನ ಫಜರ್ ನಮಾಜಿನ ಕರೆ ಮುಗಿದು, ಮುಳಬಾಗಿಲಿನ ಹೆದ್ದಾರಿಯ ಲಾರಿ ಸದ್ದು ಮತ್ತೆ ಕೇಳಿಸುವ ಹೊತ್ತಿಗೆ ಮುನ್ನೀ ಬೀ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಾಗಿದೆ. ಕೈಯಲ್ಲಿ ಬೆತ್ತ, ಮುಂದೆ ಹತ್ತಿಯ ಗುಡ್ಡೆ. ಗಾಳಿ ಏಳುವ ಮುಂಚೆ ಬಡಿದು, ಹದ ಮಾಡಿ, ಹಾಸಿಗೆಯ ಚೀಲಕ್ಕೆ ತುಂಬಬೇಕು. ತಡವಾದರೆ ಹತ್ತಿ ಬೀದಿಪಾಲು. ಬಡಿಯುವ ಕೈ ನಿಲ್ಲುವುದಿಲ್ಲ, ಕಣ್ಣು ಮಾತ್ರ ಎದುರು ಅಂಗಡಿಯ ಮೇಲೆ.

“ಇನ್ನೂ ಎದ್ದಿಲ್ಲ ನೋಡಿ ಮಹಾರಾಣಿ,” ಅನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ.

ಮಹಾರಾಣಿ ಅಂದರೆ ಮಹೆಕ್. ದಬ್ಬಳ ಹಿಡಿಯುವುದನ್ನು ಇದೇ ಅಂಗಳದಲ್ಲಿ ಕಲಿತವಳು. ಈಗ ಎದುರಿಗೇ ಅಂಗಡಿ ಇಟ್ಟಿದ್ದಾಳೆ, ಅದಕ್ಕೆ ಬಣ್ಣದ ದೀಪದ ಬೋರ್ಡು ಬೇರೆ. ಕೋಲಾರದ ಒಂದು ಹಾಸ್ಟೆಲ್ಲಿನ ಮಕ್ಕಳು ಮಲಗುವುದು ಅವಳು ಹೊಲಿದ ಹಾಸಿಗೆಯ ಮೇಲೆ. ಗಂಡ ತೀರಿಕೊಂಡ ಮೇಲೆ ದಿನಕ್ಕೆರಡು ಹಾಸಿಗೆ ಹೊಲಿದೇ ಸಂಸಾರ ದಡ ಹತ್ತಿಸಿದ ಮುನ್ನೀ ಬೀಗೆ ಅದೊಂದು ನೆನೆದರೆ ಉಂಡದ್ದು ಮೈಗೆ ಹತ್ತುವುದಿಲ್ಲ. “ಹೊಟ್ಟೆಕಿಚ್ಚು ಅಂತಾನೇ ಬರ್ಕೊಳ್ಳಿ. ಸುಳ್ಳ್ಯಾಕೆ ಹೇಳ್ಲಿ?”

ಆ ಕಿಚ್ಚೇ ಅವರನ್ನು ಸರ್ಕಾರದ ಹರಾಜಿಗೆ ಎಳೆದದ್ದು. ಶ್ರೀನಿವಾಸಪುರದ ಹಾಸ್ಟೆಲ್ಲೊಂದಕ್ಕೆ ನಲವತ್ತು ಹಾಸಿಗೆ ಬೇಕಿತ್ತು. ಮಾವಿನ ಮಂಡಿಯ ಹರಾಜಿನಲ್ಲಿ ಕೂಗಿದಂತೆಲ್ಲ ಬೆಲೆ ಏರುತ್ತದೆ, ಇಲ್ಲಿ ಇಳಿಯುತ್ತದೆ. ಎಲ್ಲರಿಗಿಂತ ಕಡಿಮೆಗೆ ಕೊಡುತ್ತೇನೆ ಅಂದವರಿಗೆ ಆರ್ಡರು. ಕಂಪ್ಯೂಟರಿನಲ್ಲಿ ಬೆಲೆ ಕಾಣುತ್ತದೆ, ಹೇಳಿದವರ ಹೆಸರು ಕಾಣುವುದಿಲ್ಲ.

ಹೆಸರು ಕಾಣದಿದ್ದರೇನು, ಮುನ್ನೀ ಬೀಗೆ ಇಳಿಯುವ ಪ್ರತಿ ಅಂಕಿಯಲ್ಲೂ ಮಹೆಕಳ ಮುಖವೇ ಕಂಡಿತು. ಕಂಪ್ಯೂಟರ್ ಅಂಗಡಿಯ ಅನಿಲ್‌ಕುಮಾರ್ ಕೈಮುಗಿದ: “ಸಾಕು ಬೀಬಮ್ಮ, ಅಸಲೂ ಹುಟ್ಟಲ್ಲ.”

“ಅವಳು ಇಳಿಸಿದ್ಲಲ್ಲ! ನೀನೂ ಇಳಿಸಪ್ಪಾ.”

ಇಳಿಸಿ ಇಳಿಸಿ ಗೆದ್ದರು. ಅವತ್ತು ಸಂಜೆಯೇ, ಉರಿಸಬೇಕೆಂದೇ, ಮೈಸೂರುಪಾಕು ಹಿಡಿದು ಮಹೆಕಳ ಅಂಗಡಿಗೆ ಹೋದರು. ಆಕೆ ತುಣುಕೊಂದನ್ನು ಬಾಯಿಗೆ ಹಾಕಿಕೊಂಡು, “ಮುಬಾರಕ್ ಖಾಲಾ! ಮಗೂಗೆ ಜ್ವರ ಅಂತ ನಾನು ಈ ಸಲ ಹರಾಜಿಗೆ ಕೂತೇ ಇರ್ಲಿಲ್ಲ,” ಅಂದಳು.

ಪೈಪೋಟಿ ನಡೆದದ್ದು ಯಾವುದೋ ಊರಿನ, ಮುಖ ಕಾಣದವರ ಜೊತೆ.

ಈಗ ಬರುವ ದುಡ್ಡು ಹತ್ತಿಗೂ ಬಟ್ಟೆಗೂ ಸರಿಹೋದರೆ ಹೆಚ್ಚು, ಕೂಲಿಯಂತೂ ಇಲ್ಲ. ಹಿಂದೆ ಸರಿದರೆ ಠೇವಣಿ ಹೋಗುತ್ತದೆ, ಮುಂದಿನ ಹರಾಜಿಗೆ ಬಾಗಿಲು ಮುಚ್ಚುತ್ತದೆ. ಮಧ್ಯಕ್ಕೆ ಬಟ್ಟೆ ಚಿಂದಿ ತುಂಬು, ಹೊಲಿದ ಮೇಲೆ ಯಾರು ಬಿಚ್ಚಿ ನೋಡ್ತಾರೆ ಅಂತ ಬುದ್ಧಿ ಹೇಳಿದವರೂ ಇದ್ದಾರೆ.

“ಮಲಗೋ ಮಗೂಗೆ ಗೊತ್ತಾಗಲ್ವಾ? ಕೋಲಾರದ್ದೇ ಮೆತ್ತಗಿತ್ತು ಅಂದ್ಬಿಟ್ರೆ?” ಅನ್ನುತ್ತಾ ಇನ್ನೊಂದು ಹಿಡಿ ಹತ್ತಿ ತುರುಕುತ್ತಾರೆ.

ಅಷ್ಟರಲ್ಲಿ ಮಹೆಕ್ ಎದ್ದು ಬರುತ್ತಾಳೆ. “ಉಳಿದಿರೋದ್ರಲ್ಲಿ ಅರ್ಧ ನನ್ನ ಕಡೆ ಕಳ್ಸಿ ಖಾಲಾ, ಹೊಲಿದು ಕೊಡ್ತೀನಿ. ಕೂಲಿ ಬೇಡ.”

“ಬೇಡಮ್ಮ ತಾಯಿ. ಆಮೇಲೆ ನಲವತ್ತೂ ನೀನೇ ಹೊಲಿದೆ ಅಂತಾರೆ ಜನ!”

ಮಹೆಕ್ ನಗುತ್ತಾ ಹೋಗುತ್ತಾಳೆ. ನಾಳೆ ಹಾಸಿಗೆ ಒಯ್ಯಲು ಗಾಡಿ ಬರುತ್ತದೆ. ಮನಸ್ಸಿನಲ್ಲಿ ಏನಾದರೂ ಆಸೆ ಇದೆಯೇ ಅಂದರೆ ಮುನ್ನೀ ಬೀ ದನಿ ತಗ್ಗಿಸುತ್ತಾರೆ.

“ಶ್ರೀನಿವಾಸಪುರಕ್ಕೆ ಹೋಗಿ ನನ್ನ ಹಾಸಿಗೆ ಮೇಲೆ ಒಂದ್ಸಲ ಮಲಗಿ ನೋಡಿ. ಹಂಗೇ ಕೋಲಾರಕ್ಕೂ ಹೋಗಿ, ಅವಳದ್ರ ಮೇಲೂ ಮಲಗಿ. ಯಾವ್ದು ಮೆತ್ತಗಿದೆ ಅಂತ ನನಗೊಬ್ಳಿಗೇ ಹೇಳಿ. ನಂದೇ ಅಂತ ನನಗ್ಗೊತ್ತು. ಆದ್ರೂ ಬಂದು ಹೇಳಿ.”