ಹೊಸದಾಗಿಯೇ ಉಳಿದ ಹಿಂದಿನ ಸೀಟು

ಚರ್ಚಿನ ಮುಂದೆ ಡುರ್, ಡುರ್, ಡುರ್ ಎಂದು ಮೂರು ಸಲ ಕೆಮ್ಮಿದ ಸದ್ದು ಕೇಳಿತೆಂದರೆ ಕ್ಷೌರಿಕ ನಜ್ಜರೇನೊ ಬಂದನೆಂದೇ ಅರ್ಥ. ಮದುವೆಯಾದ ವರ್ಷ ಕೊಂಡ ಹಸಿರು ಲ್ಯಾಂಬ್ರೆಟಾ ಸ್ಕೂಟರಿನ ಸದ್ದು ಅದು. ನಲವತ್ತೊಂಬತ್ತು ವರ್ಷಗಳಿಂದ ಆ ಗಾಡಿಯನ್ನು ಗಿರಾಕಿಗಳ ಗಲ್ಲಕ್ಕಿಂತ ನಯವಾಗಿ ಒರೆಸುತ್ತಾನೆ. ಮೋಡ ಕಂಡರೆ ಹೊರಗೆ ತೆಗೆಯುವುದಿಲ್ಲ. ಪ್ರತಿ ಮಾರ್ಚಿನಲ್ಲಿ ಪಾದ್ರಿ ಊರ ಗಾಡಿಗಳಿಗೆಲ್ಲ ತೀರ್ಥ ಚಿಮುಕಿಸುವಾಗ, "ಗುರುಗಳೇ, ನನ್ನ ತಲೆ ಮೇಲೆ ಹಾಕಿ, ಗಾಡಿಗೆ ಬೇಡ, ಕಲೆ ಆಗುತ್ತೆ" ಎಂದು ಅಡ್ಡ ನಿಲ್ಲುತ್ತಾನೆ. ಈ ಸಲವೂ ಹಾಗೆ ನಿಂತಾಗ ಕಾಫಿ ಅಂಗಡಿಯ ಟುಲ್ಲಿಯೊ ಹಿಂದಿನ ಸೀಟು ಸವರಿ, "ನಿನ್ನೆ ತಂದ ಹಾಗಿದೆಯಲ್ಲೋ ಜಿಪುಣ! ಹೆಂಡ್ತೀನೂ ಕೂರಿಸಿಲ್ವಾ?" ಎಂದ. ಎಲ್ಲರೂ ನಕ್ಕರು. ನಜ್ಜರೇನೊನ ಕಿವಿ ನಾಚಿಕೆಯಿಂದ ಕೆಂಪಾಯಿತು. ಹೆಂಡತಿ ಪಾಲ್ಮಿರಾ ಗಾಡಿಯಲ್ಲಿ ಕರೆದುಕೊಂಡು ಹೋಗು ಎಂದು ಹಿಂದೆ ಒಂದೇ ಒಂದು ಸಲ ಕೇಳಿದ್ದಳು. ಕೆಳಗಿನ ಊರಲ್ಲಿ ಅವಳ ತಾಯಿ ಕೊನೆಯುಸಿರು ಎಳೆಯುತ್ತಿದ್ದಳು. "ಮಳೆ ನಿಲ್ಲಲಿ ಕಣೆ" ಎಂದಿದ್ದ ಇವನು. ಅವಳು ನಡೆದೇ ಹೋದಳು. ತಲುಪುವಷ್ಟರಲ್ಲಿ ತಾಯಿಯ ಕಣ್ಣು ಮುಚ್ಚಿಸಿ ಆಗಿತ್ತು. ಅಂದಿನಿಂದ ಅವಳು ಎಲ್ಲಿಗೇ ಆದರೂ ನಡೆದೇ ಹೋಗುತ್ತಾಳೆ, ಬೈದದ್ದು ಮಾತ್ರ ಒಮ್ಮೆಯೂ ಇಲ್ಲ. ಅಷ್ಟರಲ್ಲಿ ಬಿಸಿಲಲ್ಲೇ ದಪ್ಪ ಹನಿ ಉದುರತೊಡಗಿತು. "ಲೋ, ಗಾಡಿ ನೆನೀತಿದೆ ಕಣೋ! ಹೊದಿಕೆ ಎಲ್ಲಿಟ್ಟಿದ್ದೀಯ?" ಎಂದು ಟುಲ್ಲಿಯೊ ಕೂಗುತ್ತಲೇ ಇದ್ದ, ನಜ್ಜರೇನೊ ಸ್ಕೂಟರನ್ನು ಅಲ್ಲೇ ಬಿಟ್ಟು, ತರಕಾರಿ ಚೀಲ ಹೊತ್ತು ಏರು ಹತ್ತಿ ಬರುತ್ತಿದ್ದ ಪಾಲ್ಮಿರಾಳ ಕಡೆಗೆ ಮಳೆಯಲ್ಲಿ ನಡೆದುಬಿಟ್ಟ.