ಮಗ್ಗದ ಶೆಡ್ಡಿನಲ್ಲಿ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಅಡುಗೆಮನೆಯಲ್ಲಿ ಮಾತಾಡಿದರೆ ಪಕ್ಕದ ಬೀದಿಯವರು 'ಓ' ಅನ್ನುತ್ತಾರೆ ಅಂತ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಬಟ್ಟೆ ಮಿಲ್ಲಿನ ಮಗ್ಗಗಳ ನಡುವೆ ಅರ್ಧ ಆಯಸ್ಸು ಕಳೆದವಳು. ಅಲ್ಲಿನ ಸದ್ದು ಅವಳ ಒಂದು ಕಿವಿಯನ್ನು ಪೂರ್ತಿ, ಇನ್ನೊಂದನ್ನು ಮುಕ್ಕಾಲುಪಾಲು ನುಂಗಿಹಾಕಿದೆ. ಮಿಲ್ಲಿನ ಕೆಲಸ ಹೋದಮೇಲೆ, ಅಮ್ಮ ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತಿದ್ದುದರಿಂದ, ನನ್ನನ್ನು ಸಾಕಿದ್ದು ಇವಳೇ. ನಾನು ಚಿತ್ರಕಲೆ ಓದುತ್ತೇನೆ ಅಂದಾಗ ಮುಖ ಗಂಟಿಕ್ಕಿದ ಅಪ್ಪನಿಗೆ, "ಕೈ ಅವಳದು, ನಿಮ್ಮದಲ್ಲ" ಎಂದು ಹೇಳಿ ಬಾಯಿ ಮುಚ್ಚಿಸಿದವಳೂ ಇವಳೇ.

ಮಿಲ್ಲು ಮುಚ್ಚಿ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಈಚೆಗೆ ಅದಕ್ಕೆ ಬಿಳಿ ಬಣ್ಣ ಬಳಿದು ಆಧುನಿಕ ಕಲಾ ಮ್ಯೂಸಿಯಂ ಮಾಡಿದರು. ನಮ್ಮ ಮೇಷ್ಟ್ರು ತರಗತಿಯವರನ್ನೆಲ್ಲ ಕರೆದುಕೊಂಡು ಹೋದರು.

ಮೊದಲ ಕೋಣೆಯಲ್ಲಿ ಗೋಡೆಯಗಲದ ಒಂದು ಚಿತ್ರ. ಬರೀ ನೀಲಿ. "ನಮ್ಮನೆಗೆ ಸುಣ್ಣ ಬಳಿಯೋನು ಇದಕ್ಕಿಂತ ಚೆನ್ನಾಗಿ ಬಳೀತಾನೆ" ಅಂತ ಗೆಳತಿಯರು ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. ಹತ್ತಿರ ಹೋದರೆ ನೀಲಿಯ ಅಡಿಯಲ್ಲಿ ಎಲ್ಲೋ ಕೆಂಪು ಉಸಿರಾಡುತ್ತಿತ್ತು. ಕಾಲು ಕೀಳಲಾಗದೆ ನಿಂತುಬಿಟ್ಟೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, 'ಇವಳಿಗೆ ಹೊಸ ಕಲೆ ಅರ್ಥವಾಗೋದಿಲ್ಲ' ಅಂತ ಆಮೇಲೆ ಕೆಲವರು ಆಡಿಕೊಂಡರು.

ಅಲ್ಲಿಂದ ಮುಂದೆ ಹಳೆಯ ಮಗ್ಗದ ಶೆಡ್ಡು. ಒಂದೂ ಮಗ್ಗವಿಲ್ಲ. ಮಬ್ಬು ಬೆಳಕಿನಲ್ಲಿ ಕೆಲಸದ ಹೆಂಗಸರ ಹಳೆಯ ಏಪ್ರನ್ನುಗಳನ್ನು ಸಾಲಾಗಿ ನೇತುಹಾಕಿದ್ದರು. ಪಕ್ಕದಲ್ಲಿ ಬೋರ್ಡು: 'ಮೌನ'. ಅದರ ಕೆಳಗೆ, 'ಹೆಸರಿಲ್ಲದ, ದನಿಯಿಲ್ಲದ ಹೆಣ್ಣುಗಳಿಗೆ.'

ನನಗೆ ಮೈಯೆಲ್ಲ ಉರಿದುಹೋಯಿತು. ದನಿಯಿಲ್ಲದವರೇ? ಆ ಗದ್ದಲದಲ್ಲಿ ಕೂಗಿದರೆ ಕೇಳುತ್ತಿರಲಿಲ್ಲವೆಂದು ಅವರು ತುಟಿಯಲ್ಲಿ, ಕೈಸನ್ನೆಯಲ್ಲಿ ಇಡೀ ದಿನ ಹರಟುತ್ತಿದ್ದರು. ಒಮ್ಮೆ ಒಬ್ಬ ಹುಡುಗಿಯ ಬೆರಳುಗಳು ಮಗ್ಗ ತಿರುಗಿಸುವ ಪಟ್ಟಿಗೆ ಸಿಕ್ಕಿ ಜಜ್ಜಿಹೋದವು. ಮೇಸ್ತ್ರಿ, "ಯಂತ್ರ ನಿಲ್ಲಿಸಬೇಡಿ" ಅಂದನಂತೆ. ದೊಡ್ಡಮ್ಮ ತನ್ನ ಮಗ್ಗ ನಿಲ್ಲಿಸಿದಳು. ತುಟಿಯಿಂದ ತುಟಿಗೆ ಸುದ್ದಿ ಹರಿದು, ಮೇಸ್ತ್ರಿಯ ಕಣ್ಣೆದುರೇ ಇಡೀ ಶೆಡ್ಡು ನಿಂತಿತು. ಪಟ್ಟಿಗಳಿಗೆ ಮುಚ್ಚಳ ಹಾಕಿಸುವವರೆಗೂ ಆ ಹೆಂಗಸರು ಹೊರಗೆ ಬಂದು ಕೂತ ಮಿಲ್ಲಿನ ಗೇಟು ಬಿಟ್ಟು ಕದಲಲಿಲ್ಲ. ಅದಕ್ಕೆ ದೊಡ್ಡಮ್ಮ ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂರಬೇಕಾಯಿತು.

"ಸರ್, ಇದು ಸುಳ್ಳು" ಅಂದೆ.

"ಕಲೆಯಲ್ಲಿ ಸುಳ್ಳು, ನಿಜ ಅಂತ ಇರಲ್ಲಮ್ಮ. ಭಾವನೆ ನೋಡು."

"ಯಾರ ಭಾವನೆ ಸರ್?"

ಮೇಷ್ಟ್ರು ಮುಂದಿನ ಕೋಣೆಗೆ ನಡೆದುಬಿಟ್ಟರು.

ಮನೆಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಹೊಲಿಯುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು, "ಭಾನುವಾರ ಕರ್ಕೊಂಡು ಹೋಗು" ಅಂದಳು, ಅಷ್ಟೇ.

ಶೆಡ್ಡಿಗೆ ಕಾಲಿಟ್ಟವಳು ಒಂದು ಏಪ್ರನ್ನಿನ ಅಂಚು ಹಿಡಿದು, "ಇದನ್ನ ಒಗೆದೇ ಇಲ್ವಲ್ಲೇ!" ಅಂತ ಕೂಗಿದಳು. ಕಾವಲುಗಾರ ಓಡಿಬಂದ. "ಅಮ್ಮಾ, ಮುಟ್ಟಬೇಡಿ. ಸ್ವಲ್ಪ ಮೆಲ್ಲಗೆ ಮಾತಾಡಿ."

ನಾನು ಅದನ್ನು ದೊಡ್ಡಮ್ಮನಿಗೆ ತುಟಿಯಾಡಿಸಿ ತಿಳಿಸಿದೆ.

"ಮೆಲ್ಲಗಾ? ಇದೇ ಶೆಡ್ಡಲ್ಲಿ ಕಣಪ್ಪ ನನ್ನ ಕಿವಿ ಹೋಗಿದ್ದು! ಹೋಗ್ಲಿ, ನಿನ್ನ ಮೇಲೆ ಕೋಪ ಇಲ್ಲ. ನಿನ್ನ ಮೇಲಿನೋರನ್ನ ಕರಿ."

ಮೇಲಧಿಕಾರಿ ಬಂದರು. ನಯವಾದ ಹೆಂಗಸು. ಅವರ ಮಾತನ್ನೂ ನಾನು ಹಾಗೇ ದಾಟಿಸುತ್ತಾ ಹೋದೆ. "ಈ ಕೃತಿ ನಿಮ್ಮಂಥೋರಿಗೆ ಸಲ್ಲಿಸಿರೋ ಗೌರವ ಅಮ್ಮ."

"ಗೌರವ ಕೊಡೋರು ಮನೆಗೆ ಬಂದು ಹೆಸರು ಕೇಳ್ತಾರೆ. ನಾವೇನು ಸತ್ತುಹೋಗಿದ್ದೀವಾ? ಎರಡು ಬೀದಿ ಆಚೆ ಇದ್ದೀವಿ. ಇದನ್ನ ಮಾಡಿದೋರು ಒಂದು ಸಲ ಬಂದ್ರಾ?"

ಅಧಿಕಾರಿ ಮುಖ ಅರಳಿಸಿ, "ನಿಮ್ಮ ದನಿ ರೆಕಾರ್ಡ್ ಮಾಡಿ ಇಲ್ಲೇ ಕೇಳಿಸೋಣ. ಜನರ ಮನಸ್ಸಿಗೆ ತಟ್ಟತ್ತೆ" ಅಂದರು.

"ಮೌನ ಅಂತ ಬೋರ್ಡು ಹಾಕಿ ಅದರ ಪಕ್ಕ ನನ್ನ ಕೂಗು ಹಾಕ್ತೀರಾ? ಮೊದಲು ಬೋರ್ಡು ತೆಗೀರಿ, ಆಮೇಲೆ ಮಾತು."

ತೆಗೆಯಲಿಲ್ಲ. ಕಲಾವಿದರ ಒಪ್ಪಿಗೆ ಬೇಕಂತೆ. ಬೋರ್ಡಿಗೆ ಒಪ್ಪಿಗೆ ಬೇಕು, ಇಲ್ಲಿ ದುಡಿದು ಬದುಕಿದವರ ಒಪ್ಪಿಗೆ ಯಾರಿಗೂ ಬೇಡ! ನೋಡಿದ್ದರ ಬಗ್ಗೆ ಬರೆಯಲು ಮೇಷ್ಟ್ರು ಹೇಳಿದ್ದರು, ಇದನ್ನೇ ಬರೆದುಕೊಟ್ಟೆ. 'ಆವೇಶ ಹೆಚ್ಚಾಯಿತು' ಅಂತ ಷರಾ ಗೀಚಿ ವಾಪಸು ಕೊಟ್ಟರು. "ಕಮ್ಮಿಯಾಯ್ತು ಅಂತ ಹೇಳು ಅವರಿಗೆ" ಅಂದಳು ದೊಡ್ಡಮ್ಮ.

ಅವಳು ಹಳೆಯ ಜೊತೆಗಾರ್ತಿಯರನ್ನು ಒಟ್ಟುಮಾಡಿದಳು. ಅವರಿಗೆ ವಯಸ್ಸಾಗಿರುವುದರಿಂದ ಟಿಕೆಟ್ಟಿಲ್ಲ. ಭಾನುವಾರ ಬಂತೆಂದರೆ ಎಲ್ಲರೂ ಶೆಡ್ಡಿನ ಬೆಂಚಿನ ಮೇಲೆ ಕೂತು, ಗಂಟಲು ಹರಿಯುವ ಹಾಗೆ ಮಾತಾಡುತ್ತಾರೆ. ನೋಡಲು ಬಂದವರು ತಿರುಗಿ ಕೇಳಿದರೆ ಎಲ್ಲ ಬಿಡಿಸಿ ಹೇಳುತ್ತಾರೆ. ಬೆರಳು ಕಳೆದುಕೊಂಡವಳೂ ಬರುತ್ತಾಳೆ, ಕೈ ಚಾಚಿ ತೋರಿಸುತ್ತಾಳೆ. ಕಾವಲುಗಾರ ಈಗ ಅವರಿಗೆ ಕುಡಿಯಲು ನೀರು ತಂದಿಡುತ್ತಾನೆ.

ಈಚೆಗೆ ಬೋರ್ಡಿನಿಂದ 'ಹೆಸರಿಲ್ಲದ' ಅನ್ನುವ ಪದವನ್ನು ಯಾರೋ ಸದ್ದಿಲ್ಲದೆ ಅಳಿಸಿದ್ದಾರೆ. ಆದರೆ ಹೆಸರೇನು ಅಂತ ಇವರನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ.