ಅಣ್ಣನ ಬರಹ ದಾಟಿಸಿದ ಕೆಸರು

ಗೊರೇಬಾಳದ ಕಾಲುವೆ ಏರಿಯ ಮೇಲೆ ನನ್ನ ಬೈಕು ಕೆಸರಿನಲ್ಲಿ ಹೂತು ನಿಂತಿತ್ತು. ಹಿಂದೆಯೇ ಲಸಿಕೆ ಡಬ್ಬಿ ಕಟ್ಟಿಕೊಂಡು ಬೈಕಿನಲ್ಲಿ ಬಂದ ನರ್ಸ್ ಒಬ್ಬರು, ಸೀಟಿನಿಂದ ಎದ್ದು ಫುಟ್‌ರೆಸ್ಟ್ ಮೇಲೆ ನಿಂತು, ಅದೇ ಕೆಸರನ್ನು ಸಲೀಸಾಗಿ ದಾಟಿದರು. ಇಳಿದು ಬಂದು ನನ್ನ ಗಾಡಿಗೂ ಕೈ ಹಚ್ಚಿದರು.

“ಇದನ್ನ ಯಾರು ಕಲಿಸಿದ್ರೀ ನಿಮಗ?” ಎಂದೆ.

“ಬೈಕ್ ಪತ್ರಿಕೆಯಾಗ ಮಸ್ಕಿಯವ್ರೊಬ್ರು ಬರೀತಿದ್ರು ರೀ. ಕೆಸರಿನ್ಯಾಗ ಅಂಜಿ ಕುಂದ್ರಬ್ಯಾಡ್ರಿ, ಎದ್ದು ನಿಂತು ದೂರ ನೋಡ್ರಿ ಅಂತಿದ್ರು. ಅದನ್ನ ಓದೇ ಕಲ್ತೀನಿ. ಈಗ ಯಾಕೋ ಅವರ ಬರಹ ಬರವಲ್ದು.”

“ಅವರು ನನ್ನಣ್ಣ. ಹೋದ ವರ್ಷ ತೀರಿಕೊಂಡ್ರು” ಎಂದೆ. ಆಕೆ ಹೆಲ್ಮೆಟ್ ತೆಗೆದು ತಲೆಬಾಗಿ ನಿಂತರು.

ಬರೀ ಮೋಜಿನ ಹುಡುಗರಿಗಾಗಿ ಬರೆಯುತ್ತೀಯ ಎಂದು ಅಣ್ಣನನ್ನು ನಾನೇ ಹಂಗಿಸುತ್ತಿದ್ದೆ. ಈಗ ಅಣ್ಣ ಏನು ಮಾಡುತ್ತಿದ್ದನೆಂದು ಯಾರೇ ಕೇಳಲಿ, ದಾರಿಯಿಲ್ಲದ ಕಡೆ ಗಾಡಿ ಓಡಿಸಲು ಇಂಥವರಿಗೆ ಕಲಿಸಿದವನು ನನ್ನಣ್ಣ ಎಂದು ಎದೆಯುಬ್ಬಿಸಿ ಹೇಳುತ್ತೇನೆ.